ಮುರಿದ ಹರಡು, ಮೂವತ್ತಾರು ಮೆಟ್ಟಿಲು

ಭಾನುವಾರ, ಲಕ್ಕುಂಡಿ

ಅಣ್ಣನ ಮಗನ ಮದುವೆ ಶುಕ್ರವಾರ ಗದಗಿನಲ್ಲಿ ಮುಗಿದಿತ್ತು. ಶನಿವಾರವೆಲ್ಲ ಉಳಿದ ಗೋಧಿ ಹುಗ್ಗಿಯನ್ನು ಬಿಸಿ ಮಾಡಿ ತಿನ್ನುವುದರಲ್ಲಿಯೇ ಹೋಯಿತು. ಸೋಮವಾರ ಬೆಳಿಗ್ಗೆ ಹುಬ್ಬಳ್ಳಿಯಿಂದ ಬೆಂಗಳೂರಿಗೆ, ಅಲ್ಲಿಂದ ದಿಲ್ಲಿಗೆ ನನ್ನ ವಿಮಾನ. ನಡುವೆ ಒಂದು ಭಾನುವಾರ ಖಾಲಿ ಇತ್ತು. ಖಾಲಿ ಭಾನುವಾರ ಕಂಡರೆ ಗದಗಿನವರು ನೆಂಟರನ್ನು 12 ಕಿಲೋಮೀಟರ್ ದೂರದ ಲಕ್ಕುಂಡಿಗೆ ಕರೆದೊಯ್ಯುತ್ತಾರೆ. ನಾನು ಹುಟ್ಟಿದ್ದು ಗದಗಿನಲ್ಲೇ. ಆದರೆ ದಿಲ್ಲಿಯ ಶಾಲೆಯೊಂದರಲ್ಲಿ 26 ವರ್ಷ ಗಣಿತ ಹೇಳಿಕೊಟ್ಟ ಮೇಲೆ ಊರಿನವರ ಲೆಕ್ಕದಲ್ಲಿ ನಾನೂ ನೆಂಟಳೇ.

ಅಣ್ಣನ ಮಗಳು ಜೊತೆಗಿದ್ದಳು. ಮೊದಲು ಬ್ರಹ್ಮ ಜಿನಾಲಯ ನೋಡಿದೆವು. ಅತ್ತಿಮಬ್ಬೆ 1007ರಲ್ಲಿ ಕಟ್ಟಿಸಿದ ಬಸದಿ ಅದು. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿ ಬರೆಯಿಸಿ ಹಂಚಿದ ಹೆಂಗಸು ಅವಳು ಎಂದು ಹುಡುಗಿಗೆ ಹೇಳುತ್ತಿದ್ದೆ. ಅವಳು ಮೊಬೈಲಿನಲ್ಲಿ ಬೆಳಕು ನೋಡುತ್ತಿದ್ದಳು. ಕಾಶಿವಿಶ್ವೇಶ್ವರ ಗುಡಿಯ ಬಾಗಿಲುವಾಡದ ಮುಂದೆ ಅರ್ಧ ಗಂಟೆ ನಿಂತೆವು. ಅಲ್ಲಿಗೇ ಮರಳಿದ್ದರೆ ಈ ಬರಹ ಇರುತ್ತಿರಲಿಲ್ಲ. ನೂರೊಂದು ಗುಡಿ, ನೂರೊಂದು ಬಾವಿ ಎಂಬ ಮಾತಿರುವ ಊರಿನಲ್ಲಿ ಒಂದಾದರೂ ಬಾವಿ ಇಳಿಯದೆ ಹೋಗುವುದು ಹೇಗೆ ಎಂದು ಮುಸುಕಿನ ಬಾವಿಗೆ ಹೋದೆವು.

ಮಾಣಿಕೇಶ್ವರ ಗುಡಿಯ ಮಗ್ಗುಲಲ್ಲಿರುವ ಆ ಬಾವಿಯ ಮೆಟ್ಟಿಲುಗಳ ನಡುನಡುವೆ ಮೊಳಕಾಲೆತ್ತರದ ಪುಟ್ಟ ಗುಡಿಗಳಿವೆ. ಒಂದರ ಚಿತ್ರ ತೆಗೆಯಲು ಮೊಬೈಲ್ ಎತ್ತಿದೆ. ಎಡಗಾಲು ಆರನೆಯ ಮೆಟ್ಟಿಲನ್ನು ಹುಡುಕಿತು, ಅರ್ಧ ಮಾತ್ರ ಸಿಕ್ಕಿತು. ಪಾದ ಒಳಕ್ಕೆ ಹೊರಳಿತು. ಹಸಿ ಅವರೆಕಾಯಿ ಬಿಡಿಸುವಾಗ ಬರುವಂಥ ಸಣ್ಣ ಸದ್ದು ಕೇಳಿಸಿತು. ಯಾರನ್ನು ದೂರಲಿ? ಚಾಲುಕ್ಯರ ಕಾಲದ ಕಲ್ಲು ಸಾವಿರ ವರ್ಷದಿಂದ ಇದ್ದಲ್ಲಿಯೇ ಇದೆ.

ನೋವಿಗಿಂತ ಮೊದಲು ಬಂದದ್ದು ನಾಚಿಕೆ. ಎದ್ದು ಸರಾಗವಾಗಿ ನಡೆದುಬಿಡಬೇಕು ಎನ್ನಿಸಿತು, ಎದ್ದೆ. ಎಡಗಾಲಿನ ಮೇಲೆ ಭಾರ ಬಿದ್ದದ್ದೇ ಕಣ್ಣಿಗೆ ಕತ್ತಲೆ ಬಂತು. ಐದು ಮೆಟ್ಟಿಲು ಹಿಂದಕ್ಕೆ ಹತ್ತಲು ಹುಡುಗಿಯೂ ಚಾಲಕನೂ ನನ್ನ ಎರಡು ರಟ್ಟೆ ಹಿಡಿಯಬೇಕಾಯಿತು. ಚಾಲಕ ಜಾಣ. ಕಾರಿನಲ್ಲಿದ್ದ ಎರಡು ದಿನಪತ್ರಿಕೆಗಳನ್ನು ದಪ್ಪಗೆ ಮಡಚಿ ಕಾಲಿನ ಎರಡೂ ಬದಿಗೆ ಇಟ್ಟು ನನ್ನದೇ ಓಢಣಿಯಿಂದ ಸುತ್ತಿದ. ಸೋಡಾ ಅಂಗಡಿಯವರು ಐಸ್ ತುಂಡುಗಳನ್ನು ಟವೆಲ್ಲಿನಲ್ಲಿ ಕಟ್ಟಿ ಕೊಟ್ಟರು, ಹಣ ತೆಗೆದುಕೊಳ್ಳಲಿಲ್ಲ.

ಗದಗಿನಲ್ಲಿ ಎಕ್ಸ್‌ರೇ ಆಯಿತು. ಭಾನುವಾರವಾದ್ದರಿಂದ ಎಲುಬಿನ ವೈದ್ಯರು ಊರಲ್ಲಿರಲಿಲ್ಲ. ಅಷ್ಟರಲ್ಲಿ ಅವ್ವ ತೀರ್ಪು ಕೊಟ್ಟಾಗಿತ್ತು. ಎಲುಬು ಕೂಡಿಸುವ ನಾಟಿ ವೈದ್ಯರೊಬ್ಬರಿದ್ದಾರೆ, ಮೊಟ್ಟೆಯ ಬಿಳಿ ಹಚ್ಚಿ, ಬಿದಿರಿನ ದಬ್ಬೆ ಕಟ್ಟಿ, ಮೂರು ವಾರಕ್ಕೆ ಎತ್ತು ಓಡುವಂತೆ ಮಾಡುತ್ತಾರೆ.

“ನಾನು ಎತ್ತಲ್ಲ ಅವ್ವ” ಎಂದೆ.

“ಎತ್ತಾಗಿದ್ದರೆ ಬಾವಿಯಲ್ಲಿ ನೋಡಿ ಕಾಲಿಡುತ್ತಿದ್ದೆ” ಎಂದು ಅವ್ವ ಚಪ್ಪಲಿ ಮೆಟ್ಟಿಕೊಂಡು ಕಾರಿನಲ್ಲಿ ಕೂತಳು. ಎಪ್ಪತ್ತೆಂಟರ ಮುದುಕಿಯನ್ನು ಇಳಿಸುವ ಧೈರ್ಯ ಯಾರಿಗೂ ಇರಲಿಲ್ಲ.

ಹುಲಕೋಟಿ, ಅಣ್ಣಿಗೇರಿ ದಾಟಿ ಹುಬ್ಬಳ್ಳಿ 58 ಕಿಲೋಮೀಟರ್. ಈ ರಸ್ತೆಯಲ್ಲಿ ಕಾಲೇಜಿನ ದಿನಗಳಿಂದ ನೂರಾರು ಸಲ ಓಡಾಡಿದ್ದೇನೆ, ಇಷ್ಟೊಂದು ಉಬ್ಬುಗಳಿವೆ ಎಂದು ಗೊತ್ತಿರಲಿಲ್ಲ. ಪಾದದ ಮೇಲಿನ ಕೀಲಾದ ಹರಡಿನ ಹೊರಬದಿಯ ಎಲುಬು, ಅಂದರೆ ಫಿಬ್ಯುಲಾದ ತುದಿ, ಬಿರುಕು ಬಿಟ್ಟಿದೆ, ಜಾಗ ತಪ್ಪಿಲ್ಲ, ಶಸ್ತ್ರಚಿಕಿತ್ಸೆ ಬೇಡ ಎಂದರು ಹುಬ್ಬಳ್ಳಿಯ ವೈದ್ಯರು. ರಾತ್ರಿ ಎಂಟಕ್ಕೆ ಮೊಳಕಾಲಿನ ಕೆಳಗಿನಿಂದ ಬೆರಳಿನ ಬುಡದವರೆಗೆ ಪ್ಲಾಸ್ಟರಿನ ಸ್ಲ್ಯಾಬ್ ಹಾಕಿದರು. ನಾನು ಎಲ್ಲ ಮುಗಿಯಿತೆಂದು, “ಬೆಳಿಗ್ಗೆ ಏಳಕ್ಕೆ ವಿಮಾನ ನಿಲ್ದಾಣದಲ್ಲಿರಬೇಕು ಡಾಕ್ಟರೇ” ಎಂದೆ.

ಅವರು ಕೈ ತೊಳೆಯುವುದನ್ನು ನಿಲ್ಲಿಸಿ ತಿರುಗಿ ನೋಡಿದರು.

ಸೋಮವಾರ, ವಿದ್ಯಾನಗರ

ವಿಮಾನ ನನ್ನನ್ನು ಬಿಟ್ಟು ಹೋಯಿತು. ನಾನು ಹುಬ್ಬಳ್ಳಿಯಲ್ಲೇ ತಮ್ಮನ ಮನೆಯ ಹಾಸಿಗೆಯಲ್ಲಿ, ಮೂರು ದಿಂಬಿನ ಮೇಲೆ ಕಾಲಿಟ್ಟು ಮಲಗಿದ್ದೆ. ಪಾದ ಎದೆಗಿಂತ ಎತ್ತರದಲ್ಲಿರಬೇಕು ಎಂದು ಅಪ್ಪಣೆಯಾಗಿತ್ತು. ಟಿಕೆಟ್ ಬದಲಿಸಿದ್ದಕ್ಕೆ ಕತ್ತರಿಸಿದ ಹಣದಲ್ಲಿ ಒಂದು ಇಳಕಲ್ ಸೀರೆ ಬರುತ್ತಿತ್ತು. ಆ ವಿಷಯವನ್ನು ಇಷ್ಟಕ್ಕೇ ಬಿಡುತ್ತೇನೆ.

ವೈದ್ಯರು ರಾತ್ರಿ ಹೇಳಿದ್ದನ್ನು ಬೆಳಿಗ್ಗೆ ಮತ್ತೆ ಮತ್ತೆ ಮೆಲುಕು ಹಾಕಿದೆ. ವಿಮಾನ 35,000 ಅಡಿಯಲ್ಲಿ ಹಾರಿದರೂ ಒಳಗಿನ ಗಾಳಿಯ ಒತ್ತಡವನ್ನು ನೆಲದ ಮಟ್ಟಕ್ಕೆ ಇಡುವುದಿಲ್ಲ. 6,000ದಿಂದ 8,000 ಅಡಿ ಎತ್ತರದ ಬೆಟ್ಟದ ಮೇಲಿದ್ದಷ್ಟು ಇಡುತ್ತಾರೆ. ಮುಳ್ಳಯ್ಯನಗಿರಿಯೇ 6,330 ಅಡಿ. ಅಂದರೆ ಕರ್ನಾಟಕದ ತುತ್ತತುದಿಗೂ ಮೇಲೆ ಕುರ್ಚಿ ಹಾಕಿಕೊಂಡು ಮೂರು ಗಂಟೆ ಕೂತ ಹಾಗೆ. ಅಲ್ಲಿ ಎಲ್ಲ ಗಾಳಿಯೂ ಹಿಗ್ಗುತ್ತದೆ. ಒತ್ತಡ ನಾಲ್ಕರಲ್ಲಿ ಮೂರು ಪಾಲಿಗೆ ಇಳಿದರೆ ಗಾಳಿಯ ಗಾತ್ರ ಮೂರನೆಯ ಒಂದು ಪಾಲಿನಷ್ಟು ಹೆಚ್ಚುತ್ತದೆ. ಬಾಯ್ಲ್‌ನ ನಿಯಮ, ಗಣಿತದವಳಿಗೆ ಬೇರೆಯವರು ಹೇಳಿಕೊಡಬೇಕಾಗಿ ಬಂತಲ್ಲ ಎಂದು ಸ್ವಲ್ಪ ಬೇಸರವೂ ಆಯಿತು.

ಸುತ್ತಲೂ ಮುಚ್ಚಿದ ಹೊಸ ಪ್ಲಾಸ್ಟರಿನ ಒಳಗೆ, ಅದರ ಹತ್ತಿಯ ಪದರದಲ್ಲಿ, ಗಾಳಿ ಸಿಕ್ಕಿಕೊಂಡಿರುತ್ತದೆ. ಮುರಿದ ಜಾಗದ ಬಾವು ಮೊದಲ ಎರಡು ದಿನ ಏರುತ್ತಲೇ ಇರುತ್ತದೆ. ಇವೆರಡೂ ಸೇರಿ ಗಟ್ಟಿ ಪ್ಲಾಸ್ಟರಿನೊಳಗೆ ಕಾಲನ್ನು ಹಿಚುಕಿದರೆ ರಕ್ತ ಓಡಾಡುವುದಿಲ್ಲ. ಅದಕ್ಕೇ ಎರಡು ಗಂಟೆಗಿಂತ ಕಡಿಮೆಯ ಹಾರಾಟವಾದರೆ ಪ್ಲಾಸ್ಟರ್ ಹಾಕಿ 24 ಗಂಟೆ, ಅದಕ್ಕಿಂತ ಉದ್ದದ್ದಾದರೆ 48 ಗಂಟೆ ಕಳೆದಿರಬೇಕು ಎಂದು ಬಹಳಷ್ಟು ವಿಮಾನ ಸಂಸ್ಥೆಗಳು ಕೇಳುತ್ತವೆ. ತೀರಾ ಅವಸರವಿದ್ದರೆ ಪ್ಲಾಸ್ಟರನ್ನು ಉದ್ದಕ್ಕೆ ಸೀಳಿ ಕಳಿಸುತ್ತಾರೆ. ನನಗೆ ಹಾಕಿದ ಸ್ಲ್ಯಾಬ್ ಅರ್ಧ ಚಿಪ್ಪಿನಂತೆ ಹಿಂಬದಿಗೆ ಮಾತ್ರ ಇತ್ತು; ಮುಂದೆ ಬರೀ ಬಟ್ಟೆಯ ಕ್ರೇಪ್ ಪಟ್ಟಿ. ಬಾವು ಬಂದರೆ ಅದಕ್ಕೆ ಜಾಗವಿದೆ, ಪಟ್ಟಿ ಬಿಗಿಯಾದರೆ ಸಡಿಲಿಸಬಹುದು. ಆದರೂ ಬೆಂಗಳೂರು–ದಿಲ್ಲಿ ಎರಡೂಮುಕ್ಕಾಲು ಗಂಟೆ. ಮಂಗಳವಾರ ರಾತ್ರಿ ಎಂಟರವರೆಗೆ ಅಲುಗಾಡುವ ಹಾಗಿಲ್ಲ.

ಪಕ್ಕದ ಮನೆಯ ನಿವೃತ್ತ ರೈಲ್ವೆ ನೌಕರರು ಮಾತನಾಡಿಸಲು ಬಂದರು. “ರೈಲಿನಲ್ಲಿ ಹೋಗಿ ತಂಗಿ, ಮಲಗಿಕೊಂಡೇ ದಿಲ್ಲಿ ಮುಟ್ಟಬಹುದು” ಎಂದರು. ಮಾತು ತೆಗೆದುಹಾಕುವಂಥದ್ದಲ್ಲ, ನಾನೂ ಯೋಚಿಸಿದೆ. ಆದರೆ ಒಂದೂವರೆ ದಿನಕ್ಕೂ ಮೀರಿದ ಪ್ರಯಾಣ, ಅಲುಗಾಡುವ ಬೋಗಿಯ ಶೌಚಾಲಯ, ಒಂಟಿ ಕಾಲು. ಮೇಲಾಗಿ ನಮ್ಮ ಸಿದ್ಧಾರೂಢ ಸ್ವಾಮೀಜಿ ನಿಲ್ದಾಣದ ಪ್ಲಾಟ್‌ಫಾರಂ 1,507 ಮೀಟರ್, ಜಗತ್ತಿನಲ್ಲೇ ಉದ್ದ. ಊರಿನ ಹೆಮ್ಮೆ ನಿಜ, ಊರುಗೋಲಿನವರಿಗೆ ಅಷ್ಟೇ ದಿಗಿಲು. ದೂರವಾಣಿಯಲ್ಲಿ ವೈದ್ಯರನ್ನು ಕೇಳಿದೆ. ರೈಲಾಗಲಿ, ವಿಮಾನವಾಗಲಿ, ಕಾರಾಗಲಿ, ನಾಲ್ಕು ಗಂಟೆಗಿಂತ ಹೆಚ್ಚು ಹೊತ್ತು ಒಂದೇ ಭಂಗಿಯಲ್ಲಿ ಕೂತರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಹೆಚ್ಚುತ್ತದೆ, ಕಾಲು ಕಟ್ಟಿಹಾಕಿದ್ದರೆ ಇನ್ನೂ ಹೆಚ್ಚು ಎಂದರು. ನನಗೆ ಮೊದಲೇ ಮೀನಖಂಡದಲ್ಲಿ ಉಬ್ಬಿದ ನರಗಳಿವೆ. ರಕ್ತ ತೆಳುವಾಗಿಸುವ ಚುಚ್ಚುಮದ್ದನ್ನು ಹೊಟ್ಟೆಯ ಚರ್ಮಕ್ಕೆ ತೆಗೆದುಕೊಳ್ಳಲು ಬರೆದುಕೊಟ್ಟರು.

“ಹೊಟ್ಟೆಗೆ ಯಾಕೆ? ಮುರಿದದ್ದು ಕಾಲು” ಎಂದಳು ಅವ್ವ. ನ್ಯಾಯವಾದ ಪ್ರಶ್ನೆ.

ಮಂಗಳವಾರ, ಊರುಗೋಲಿನ ಪಾಠ

ಆಸ್ಪತ್ರೆಗೆ ಮತ್ತೆ ಹೋದೆವು, ವಿಮಾನ ಪ್ರಯಾಣಕ್ಕೆ ಯೋಗ್ಯಳು ಎಂಬ ಪ್ರಮಾಣಪತ್ರಕ್ಕೆ. ಒಂದು ಸಾಲಿನ ಚೀಟಿ ಸಾಲದು. ಎಲುಬು ಯಾವುದು, ಮುರಿದ ದಿನ ಯಾವುದು, ಪ್ಲಾಸ್ಟರ್ ಯಾವಾಗ ಹಾಕಿದ್ದು, ಪೂರ್ತಿಯೋ ಅರ್ಧವೋ, ನೇರವಾಗಿ ಕೂರಬಲ್ಲಳೋ, ಯಾವ ಔಷಧಿ ಜೊತೆಗಿದೆ, ಎಲ್ಲವನ್ನೂ ಬರೆಯಿಸಿಕೊಂಡೆ. ಚುಚ್ಚುಮದ್ದಿನ ಸೂಜಿ ಕೈಚೀಲದಲ್ಲೇ ಇರುವುದರಿಂದ ಅದರ ಚೀಟಿಯೂ ಬೇಕು. ವೈದ್ಯರು ಬೆರಳುಗಳನ್ನು ಒತ್ತಿ ಬಣ್ಣ ನೋಡಿದರು. ಬೆರಳು ನೀಲಿಯಾದರೆ, ಜೋಮು ಹಿಡಿದರೆ, ನೋವು ಇಳಿಯುವ ಬದಲು ಏರಿದರೆ ಪಟ್ಟಿ ಸಡಿಲಿಸಿ. ದಿಲ್ಲಿ ಮುಟ್ಟಿದ ಮೇಲೆ ಮೀನಖಂಡ ಬಾತು ನೋಯಲಿ, ಉಸಿರು ಹಿಡಿಯಲಿ, ನಾಳೆ ನೋಡೋಣ ಎನ್ನಬೇಡಿ, ಆ ಕ್ಷಣವೇ ಆಸ್ಪತ್ರೆಗೆ ಹೋಗಿ ಎಂದರು.

ಊರುಗೋಲು ಹಿಡಿಯುವುದನ್ನು ಕಲಿಸಿದವನು ಇಪ್ಪತ್ತೈದರ ಹುಡುಗ. ಭಾರ ಅಂಗೈ ಮೇಲೆ ಬೀಳಬೇಕು, ಕಂಕುಳಲ್ಲಿ ನೇತಾಡಿದರೆ ಅಲ್ಲಿಯ ನರ ಒತ್ತಿ ಕೈ ಸೋಲುತ್ತದೆ. ಆಮೇಲೆ ಮೆಟ್ಟಿಲಿನ ಪಾಠ: ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ಮುರಿದ ಕಾಲು ಮೊದಲು. ನನಗೆ ಮೂರು ಸಲ ತಪ್ಪಿತು. ಬೆಂಚಿನ ಮೇಲಿದ್ದ ಅವ್ವ ಅದನ್ನು ತನ್ನ ಭಾಷೆಗೆ ತಂದಳು: “ಹತ್ತುವಾಗ ದುಡಿಯುವವನು ಮುಂದೆ, ಇಳಿಯುವಾಗ ಕೂತು ತಿನ್ನುವವನು ಮುಂದೆ.” ಅಲ್ಲಿಂದ ಮುಂದೆ ತಪ್ಪಲಿಲ್ಲ. ಹುಡುಗ ಅದನ್ನು ಒಂದು ಕಾಗದದಲ್ಲಿ ಬರೆದುಕೊಂಡ.

ಎರಡು ದಿನದಲ್ಲಿ ನನ್ನ ಕಣ್ಣು ಬದಲಾಗಿತ್ತು. ಎಲ್ಲಿ ನೋಡಿದರೂ ಮೆಟ್ಟಿಲು. ಔಷಧಿ ಅಂಗಡಿಗೆ ಮೂರು, ಬ್ಯಾಂಕಿಗೆ ಐದು, ತಮ್ಮನ ಮನೆಗೆ ನಾಲ್ಕು ಮತ್ತು ಒಂದು ಹೊಸ್ತಿಲು. ಮರಳುವಾಗ ಹುಬ್ಬಳ್ಳಿ–ಧಾರವಾಡ ನಡುವಿನ ಚಿಗರಿ ಬಸ್ಸೊಂದು ನಿಲ್ದಾಣಕ್ಕೆ ಬಂದು ನಿಂತದ್ದನ್ನು ಕಾರಿನಿಂದ ಕಂಡೆ. ನಿಲ್ದಾಣದ ನೆಲ, ಬಸ್ಸಿನ ನೆಲ ಒಂದೇ ಎತ್ತರ. ಮುದುಕರೊಬ್ಬರು ಕಾಲೆತ್ತದೆ ಒಳಗೆ ಜಾರಿಹೋದರು. ಈ ಬಸ್ಸಿನಲ್ಲಿ ಹಿಂದೆ ಧಾರವಾಡಕ್ಕೆ ಹೋಗಿ ಬಂದಿದ್ದೆ. ಆಗ ಹವಾನಿಯಂತ್ರಣ ಹೊಗಳಿದ್ದೆ, ನೆಲ ನೋಡಿರಲಿಲ್ಲ.

ಸಂಜೆ ಗದಗಿನಿಂದ ಅಣ್ಣ ಒಂದು ಕಟ್ಟು ಮಂಗರವಳ್ಳಿ ಕಳಿಸಿದ್ದ. ಸಂದುಬಳ್ಳಿ ಎಂದೂ ಕರೆಯುವ, ಗಂಟುಗಂಟಾದ ನಾಲ್ಕು ಮೂಲೆಯ ಕಾಂಡ ಅದು. ಎಲುಬು ಕೂಡಲು ಇದರ ಚಟ್ನಿಯೇ ಮದ್ದು ಎಂಬುದು ಅವ್ವನ ನಂಬಿಕೆ. ಬರಿಗೈಯಲ್ಲಿ ಕೊಯ್ದರೆ ತುರಿಸುತ್ತದೆ ಎಂದು ಎಣ್ಣೆ ಸವರಿಕೊಂಡು, ಹುರಿದು, ಹುಣಸೆಹಣ್ಣು ಹಾಕಿ ಅರೆದಳು. ಎಲುಬಿಗೆ ಎಷ್ಟು ಹತ್ತಿತೋ ಏನೋ, ಜೋಳದ ರೊಟ್ಟಿಗೆ ಚೆನ್ನಾಗಿ ಹತ್ತಿತು. ಮಲಗುವ ಮುನ್ನ ನನ್ನ ಉಡಿ ತುಂಬಿದಳು. ಗುಳೇದಗುಡ್ಡದ ಖಣ, ಅಕ್ಕಿ, ಉತ್ತುತ್ತಿ, ಅರಿಶಿನ ಕೊಂಬು, ಎರಡು ಕೊಬ್ಬರಿ ಬಟ್ಟಲು. ನಿಂತು ತುಂಬಿಸಿಕೊಳ್ಳಬೇಕಾದದ್ದು, ನಾನು ಮಂಚದ ಮೇಲೆ ಕಾಲು ಚಾಚಿ ಕೂತೇ ಸೆರಗೊಡ್ಡಿದೆ.

ಬುಧವಾರ, ಗೋಕುಲ ರಸ್ತೆಯಿಂದ ಮೇಲಕ್ಕೆ

ವಿಮಾನ ನಿಲ್ದಾಣದ ಬಾಗಿಲಲ್ಲಿ ಗಾಲಿಕುರ್ಚಿ ಕಾದಿತ್ತು. ಪ್ರಯಾಣಕ್ಕೆ 48 ಗಂಟೆ ಮೊದಲೇ ಕೇಳಿಟ್ಟಿದ್ದರ ಫಲ. ಅವ್ವ ಹೊರಗೇ ನಿಂತಳು, ಕೈ ಬೀಸಲಿಲ್ಲ. ಅವಳಿಗೆ ಆ ಅಭ್ಯಾಸವಿಲ್ಲ.

ಊರುಗೋಲುಗಳು ಚೀಲದೊಂದಿಗೆ ಎಕ್ಸ್‌ರೇ ಯಂತ್ರದೊಳಗೆ ಹೋದವು. ನನ್ನನ್ನು ಪರದೆಯ ಹಿಂದೆ ಒಯ್ದ ಮಹಿಳಾ ಸಿಬ್ಬಂದಿ ಸ್ಲ್ಯಾಬಿನ ಮೇಲೆ ಒಂದು ಬಟ್ಟೆಯ ಚೂರು ಸವರಿ ಯಂತ್ರಕ್ಕೆ ಕೊಟ್ಟರು. ಸ್ಫೋಟಕದ ಕಣ ಇದೆಯೇ ಎಂದು ನೋಡುವ ಕ್ರಮ. ಕಾಲು ಪಾಸಾಯಿತು. ಸಿಕ್ಕಿಬಿದ್ದದ್ದು ಉಡಿ.

“ಅಕ್ಕಾ, ಕೊಬ್ಬರಿ ಬಿಡುವುದಿಲ್ಲ” ಎಂದರು ಆಕೆ, ತಾವೇ ತಪ್ಪು ಮಾಡಿದವರಂತೆ ದನಿ ತಗ್ಗಿಸಿ. ಒಣ ಕೊಬ್ಬರಿಯಲ್ಲಿ ಎಣ್ಣೆ ಹೆಚ್ಚು, ತಾನಾಗಿಯೇ ಬಿಸಿಯಾಗಿ ಹೊತ್ತಿಕೊಳ್ಳಬಲ್ಲ ವಸ್ತುಗಳ ಪಟ್ಟಿಯಲ್ಲಿ ಅದಿದೆ. ನಾನು ಓದಿದವಳು, ಒಪ್ಪಿದೆ. ಆದರೆ ಉಡಿಯ ಕೊಬ್ಬರಿಯನ್ನು ಕಸದ ಡಬ್ಬಿಗೆ ಹಾಕುವುದು ಹೇಗೆ? ಆಕೆಗೂ ಅದೇ ಸಂಕಟ. ಕೊನೆಗೆ ಗಾಲಿಕುರ್ಚಿ ತಳ್ಳುವ ಹುಡುಗ ಎರಡೂ ಬಟ್ಟಲುಗಳನ್ನು ಕರವಸ್ತ್ರದಲ್ಲಿ ಸುತ್ತಿ, ಓಡಿಹೋಗಿ, ಹೊರಗಿದ್ದ ತಮ್ಮನ ಕೈಗೆ ಕೊಟ್ಟು ಬಂದ.

ಪ್ರೊಪೆಲ್ಲರಿನ ಎಟಿಆರ್ ವಿಮಾನ ಬಯಲಲ್ಲಿ ನಿಂತಿತ್ತು. ಹಿಂಬಾಗಿಲು ಕೆಳಗೆ ಮಡಚಿ ಬಿದ್ದು ಅದೇ ಏಣಿಯಾಗಿತ್ತು. ಕುರ್ಚಿ ಅದರ ಬುಡಕ್ಕೆ ಬಂದು ನಿಂತಿತು. ಎಲ್ಲರೂ ನನ್ನ ಮುಖ ನೋಡಿದರು.

“ನೀವು ಮೆಟ್ಟಿಲು ಹತ್ತುತ್ತೀರಿ ಎಂದು ಇದರಲ್ಲಿದೆ, ಮೇಡಂ.”

ಗಾಲಿಕುರ್ಚಿಯಲ್ಲಿ ಮೂರು ಬಗೆಯ ಕೋರಿಕೆ ಇವೆ ಎಂಬುದು ನನಗೆ ತಿಳಿದದ್ದು ಆ ಏಣಿಯ ಬುಡದಲ್ಲಿ. ಡಬ್ಲ್ಯೂಸಿಎಚ್‌ಆರ್ ಎಂದರೆ ದೂರ ನಡೆಯಲಾರರು, ಮೆಟ್ಟಿಲು ಹತ್ತಬಲ್ಲರು. ಡಬ್ಲ್ಯೂಸಿಎಚ್‌ಎಸ್ ಎಂದರೆ ಮೆಟ್ಟಿಲು ಹತ್ತಲಾರರು, ಒಳಗೆ ಸೀಟಿನವರೆಗೆ ನಡೆದಾರು. ಡಬ್ಲ್ಯೂಸಿಎಚ್‌ಸಿ ಎಂದರೆ ಸೀಟಿನವರೆಗೂ ಒಯ್ಯಬೇಕು. ಅಣ್ಣನ ಮಗಳು ಮೊಬೈಲಿನಲ್ಲಿ ಮೊದಲು ಕಂಡದ್ದನ್ನು ಒತ್ತಿದ್ದಳು. ಪ್ರಮಾಣಪತ್ರದಲ್ಲಿ ಎಲುಬಿನ ಲ್ಯಾಟಿನ್ ಹೆಸರಿತ್ತು, ಮೆಟ್ಟಿಲಿನ ಮಾತೇ ಇರಲಿಲ್ಲ. ಕಾಲು ಮುರಿದವರಿಗೆ ನಾನು ಹೇಳುವುದೇನಾದರೂ ಇದ್ದರೆ ಇದೊಂದೇ: ಕೊನೆಯ ಅಕ್ಷರ ನೋಡಿ ಒತ್ತಿ.

ಬೇರೆ ವ್ಯವಸ್ಥೆ ಮಾಡುವವರೆಗೆ ಕಾಯುತ್ತೀರಾ ಎಂದು ಕೇಳಿದರು. ಹಿಂದೆ ಎಪ್ಪತ್ತು ಜನ ಬಿಸಿಲಲ್ಲಿ ನಿಂತಿದ್ದರು. ಐದು ಮೆಟ್ಟಿಲು, ಮೇಲಿನ ಹೊಸ್ತಿಲು ಸೇರಿ ಆರು. ಒಂದು ಕೈ ಹಿಡಿಕೆಗೆ, ಇನ್ನೊಂದು ಕೈ ಆ ಹುಡುಗನ ಹೆಗಲಿಗೆ. ದುಡಿಯುವವನು ಮುಂದೆ, ದುಡಿಯುವವನು ಮುಂದೆ ಎನ್ನುತ್ತ ಹತ್ತಿದೆ. ಹುಡುಗ ಅದನ್ನು ದೇವರ ನಾಮ ಎಂದುಕೊಂಡಿರಬೇಕು, ಗಂಭೀರವಾಗಿದ್ದ.

ಕಿಟಕಿಯ ಸೀಟು ಕೊಟ್ಟರು, ತುರ್ತಿನಲ್ಲಿ ಉಳಿದವರ ದಾರಿಗೆ ಅಡ್ಡಿಯಾಗಬಾರದು ಎಂದು. ತುರ್ತು ಬಾಗಿಲಿನ ಸಾಲು ನಮ್ಮಂಥವರಿಗಿಲ್ಲ. ಮುರಿದದ್ದು ಎಡಗಾಲು, ಕಿಟಕಿ ಎಡಕ್ಕೆ. ಗೋಡೆಯ ಆಸರೆ ಸಿಕ್ಕಿತು, ಯಾರೂ ತುಳಿಯುವ ಭಯವಿಲ್ಲ. ಗಗನಸಖಿ ಊರುಗೋಲು ಒಯ್ದು ಮೇಲಿನ ಪೆಟ್ಟಿಗೆಯಲ್ಲಿಟ್ಟಳು. ಉಣಕಲ್ ಕೆರೆ ಕಾಣಬಹುದೆಂದು ಕಿಟಕಿಗೆ ಹಣೆ ಹಚ್ಚಿದೆ, ಅಷ್ಟರಲ್ಲಿ ಮೋಡ.

ಬೆಂಗಳೂರಿನಲ್ಲಿ ಎಲ್ಲರೂ ಇಳಿದರು, ನಾನೊಬ್ಬಳೇ ಉಳಿದೆ. ಕುರ್ಚಿ ಬರುತ್ತದೆ, ಬರುತ್ತಿದೆ, ಹೊರಟಿದೆ. ಇಪ್ಪತ್ತೈದು ನಿಮಿಷ. ಕಸ ಗುಡಿಸುವವರು ಬಂದು ನನ್ನ ಕಾಲಿನ ಸುತ್ತ ಗುಡಿಸಿಕೊಂಡು ಹೋದರು. ಮುಂದಿನ ವಿಮಾನಕ್ಕೆ ಮೂರು ಗಂಟೆ ಬಿಡುವು ಇಟ್ಟಿದ್ದರಿಂದ ಬದುಕಿದೆ, ಒಂದೇ ಗಂಟೆ ಇಟ್ಟಿದ್ದರೆ ಅಲ್ಲೇ ಕೂತಿರುತ್ತಿದ್ದೆ. ಕುರ್ಚಿ ತಂದವರಿಗೆ ಮೊದಲು ಹೇಳಿದ್ದು, “ಅಕ್ಷರ ಬದಲಿಸಿ” ಎಂದು. ಅವರಿಗೆ ತಕ್ಷಣ ಅರ್ಥವಾಯಿತು. ಎರಡನೆಯ ವಿಮಾನಕ್ಕೆ ಸುರಂಗದಂಥ ಸೇತುವೆಯಿತ್ತು, ಒಂದೂ ಮೆಟ್ಟಿಲಿಲ್ಲ. ಬಾಗಿಲಿನಿಂದ ಸೀಟಿನವರೆಗೆ ನಡುದಾರಿಯಲ್ಲಿ ಹಿಡಿಸುವ ಕಿರಿದಾದ ಕುರ್ಚಿಯಲ್ಲಿ, ಪಟ್ಟಿ ಬಿಗಿದು, ಮದುವೆಯ ಸಾಮಾನಿನಂತೆ ಒಯ್ದರು.

ಮೇಲೇರಿದ ಅರ್ಧ ಗಂಟೆಗೆ ಪಕ್ಕದ ಹುಡುಗನ ಕೈಯಲ್ಲಿದ್ದ ಚಿಪ್ಸ್ ಪೊಟ್ಟಣ ಮೃದಂಗದಂತೆ ಬಿಗಿದು ನಿಂತಿತು. ಅದನ್ನೇ ನೋಡುತ್ತ ನನ್ನ ಪಟ್ಟಿಯ ಕೆಳಗೆ ಬೆರಳು ತೂರಿಸಿದೆ. ಬೆಳಿಗ್ಗೆ ಸಲೀಸಾಗಿ ಹೋಗುತ್ತಿದ್ದದ್ದು ಈಗ ಹೋಗಲಿಲ್ಲ. ಕಾಲು ಕೆಳಗಿಟ್ಟು ಇಷ್ಟು ಹೊತ್ತು ಕೂತದ್ದರಿಂದ ಬಾವು ಏರಿತ್ತು. ಪಟ್ಟಿ ಬಿಚ್ಚಿ, ಎರಡು ಸುತ್ತು ಸಡಿಲವಾಗಿ ಮತ್ತೆ ಸುತ್ತಿದೆ. ಹತ್ತು ನಿಮಿಷದಲ್ಲಿ ಬೆರಳುಗಳು ನನ್ನವಾದವು. ಪ್ರತಿ ಅರ್ಧ ಗಂಟೆಗೆ ಬೆರಳು ಮಡಚಿ ಬಿಡಿಸಿದೆ, ಬಲಪಾದವನ್ನು ಮೇಲೆ ಕೆಳಗೆ ಆಡಿಸಿದೆ.

ಒಂದು ತಪ್ಪು ಮಾಡಿದೆ. ನೀರು ಚೆನ್ನಾಗಿ ಕುಡಿಯಿರಿ ಎಂದಿದ್ದರು, ಶೌಚಾಲಯಕ್ಕೆ ಕುಂಟುವ ಭಯದಲ್ಲಿ ಬೆಳಿಗ್ಗೆಯಿಂದ ಎರಡು ಗುಟುಕಿಗಿಂತ ಹೆಚ್ಚು ಕುಡಿದಿರಲಿಲ್ಲ. ನಾಗ್ಪುರದ ಆಚೆಗೆಲ್ಲೋ ತುಟಿ ಒಣಗಿ, ತಲೆ ಸಿಡಿಯತೊಡಗಿದಾಗ ಬುದ್ಧಿ ಬಂತು. ಒಂದು ಬಾಟಲಿ ನೀರು ಕುಡಿದೆ. ಅರ್ಧ ಗಂಟೆಗೆ ಭಯಪಟ್ಟದ್ದೇ ಆಯಿತು. ಸೀಟುಗಳ ಬೆನ್ನು ಹಿಡಿದು ಒಂಟಿ ಕಾಲಲ್ಲಿ ಹನ್ನೊಂದು ಸಾಲು ಕುಪ್ಪಳಿಸಿದೆ. ಚಿಕ್ಕವಳಿದ್ದಾಗ ಗದಗಿನ ಓಣಿಯಲ್ಲಿ ಕುಂಟಬಿಲ್ಲೆ ಆಡುವಾಗ ನನ್ನನ್ನು ಯಾರೂ ಸೋಲಿಸುತ್ತಿರಲಿಲ್ಲ. ಗೆರೆ ತುಳಿಯದೆ ಮುಟ್ಟಿದೆ.

ದಿಲ್ಲಿಯಲ್ಲಿ ಎಲ್ಲವೂ ಸರಿಯಿತ್ತು, ಅಕ್ಷರದ ಮಹಿಮೆ. ಯಜಮಾನರು ಹೊರಗೆ ಕಾದಿದ್ದರು. ದ್ವಾರಕಾದ ನಮ್ಮ ಮನೆ ಎರಡನೆಯ ಮಹಡಿಯಲ್ಲಿದೆ, ಲಿಫ್ಟ್ ಇಲ್ಲ. ಹದಿನೆಂಟು ಮತ್ತು ಹದಿನೆಂಟು. ಊರುಗೋಲಿನಲ್ಲಿ ಅಷ್ಟು ಹತ್ತುವ ಶಕ್ತಿ ಉಳಿದಿರಲಿಲ್ಲ. ಊರುಗೋಲಿನ ಪಾಠ ಹೇಳಿದ ಹುಡುಗ ಕಲಿಸಿದ ಇನ್ನೊಂದು ಉಪಾಯ ನೆನಪಾಯಿತು: ಮೆಟ್ಟಿಲಿಗೆ ಬೆನ್ನು ಮಾಡಿ ಕೂರುವುದು, ಎರಡೂ ಕೈ ಹಿಂದಿನ ಮೆಟ್ಟಿಲಿಗೆ ಊರಿ ಒಳ್ಳೆಯ ಕಾಲಿನಿಂದ ಒದ್ದು ಮೈ ಎತ್ತುವುದು. ಯಜಮಾನರು ಸ್ಲ್ಯಾಬ್ ಹಾಕಿದ ಕಾಲನ್ನು ಎರಡು ಕೈಯಲ್ಲಿ ಹಿಡಿದು, ಪಲ್ಲಕ್ಕಿ ಹೊತ್ತವರಂತೆ, ಒಂದೊಂದೇ ಮೆಟ್ಟಿಲು ನನ್ನೊಂದಿಗೆ ಬಂದರು. ಮೊದಲ ಮಹಡಿಯ ಪಂಜಾಬಿ ಅಜ್ಜಿ ಬಾಗಿಲು ತೆರೆದು, ನೋಡಿ, ಏನೂ ಕೇಳದೆ ಒಂದು ದಿಂಬು ತಂದುಕೊಟ್ಟರು.

ಫೋನ್ ಬಾರಿಸಿತು.

“ಮುಟ್ಟಿದೆಯಾ?” ಎಂದಳು ಅವ್ವ.

“ಇಪ್ಪತ್ತೆರಡನೆಯ ಮೆಟ್ಟಿಲ ಮೇಲೆ ಕೂತಿದ್ದೇನೆ ಅವ್ವ. ಇನ್ನು ಹದಿನಾಲ್ಕು.”

“ಕೊಬ್ಬರಿಯಲ್ಲಿ ಹೋಳಿಗೆ ಮಾಡಿದ್ದೇವೆ” ಎಂದಳು. “ಸಾವಕಾಶ ಹತ್ತು. ಫೋನ್ ಕೆಳಗಿಡು ಮೊದಲು, ಕೈ ಬೇಕಲ್ಲ.”